ಹಾಜರಿಗೆ ಬಾರದ ಹೆಸರು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಒಂದು ಕೈಯಲ್ಲಿ ಮಗಳನ್ನು, ಇನ್ನೊಂದು ಕೈಯಲ್ಲಿ ಮೊಬೈಲನ್ನು ಹಿಡಿದಿದ್ದಳು. ಎರಡರಲ್ಲಿ ಯಾವುದನ್ನೂ ಬಿಡಲು ಅವಳು ತಯಾರಿರಲಿಲ್ಲ. ಹಾಗಾಗಿ ದೂರಿನ ಅರ್ಜಿಗೆ ಸಹಿ ಹಾಕಿಸುವುದೇ ಒಂದು ರಗಳೆಯಾಯಿತು.

"ಏನಮ್ಮಾ ತೊಂದರೆ?" ಎಂದರು ಇನ್ಸ್‌ಪೆಕ್ಟರ್.

"ಹೆಸರು ಬದಲಾಗ್ತಿದೆ ಸಾರ್."

"ಯಾರ ಹೆಸರು?"

"ಅದೇ ಗೊತ್ತಿಲ್ಲ. ಯಾವುದೋ ಕಂಪ್ಯೂಟರಿನದು."

ಪಕ್ಕದ ಮೇಜಿನ ಹೆಡ್ ಕಾನ್ಸ್‌ಟೇಬಲ್ ಪೆನ್ನು ಕೆಳಗಿಟ್ಟ. ದಾಖಲೆಯಲ್ಲಿ ಅವನ ಹೆಸರು ಬೇರೆ ಇದ್ದರೂ ಠಾಣೆಯಲ್ಲಿ ಎಲ್ಲರಿಗೂ ಅವನು ಗೊಣಗಪ್ಪ. "ಕಳ್ಳರ ಹೆಸರು ಬರೆಯೋಕೇ ಪುರುಸೊತ್ತಿಲ್ಲ, ಇನ್ನು ಕಂಪ್ಯೂಟರಿನ ಹೆಸರೂ ನಾವೇ ನೋಡ್ಕೋಬೇಕಾ," ಎಂದು ಗೊಣಗಿದ. ಇನ್ಸ್‌ಪೆಕ್ಟರ್ ಕಣ್ಣು ಕೆಕ್ಕರಿಸಿದ ಮೇಲೆ ಮತ್ತೆ ಪೆನ್ನು ಕೈಗೆತ್ತಿಕೊಂಡ.

ಹೆಂಗಸು ಅಂಗಡಿಗಳಿಗೆ ಕಿಟಕಿ ಪರದೆ ಹೊಲಿದುಕೊಡುವವಳು. ಗಂಡನಿಗೆ ಹಡಗಿನಲ್ಲಿ ಕೆಲಸ, ಶುಕ್ರವಾರ ಊರಿಗೆ ಬರುವವನಿದ್ದ. ಅವರದು ಎರಡನೇ ಮಹಡಿ. ಎದುರು ಬಾಗಿಲಿನ ಮನೆ ಅವಳ ಒಡಹುಟ್ಟಿದ ಅಕ್ಕನದು, ಕೆಳಗಡೆ ಕ್ಯಾಮೆರಾ ರಿಪೇರಿಯವನ ಅಂಗಡಿ. ಮೂವರಿಗೂ ಸೇರಿ ಒಂದೇ ಇಂಟರ್ನೆಟ್, ಅದರ ಪೆಟ್ಟಿಗೆ ಇದ್ದದ್ದು ಹೊಲಿಗೆಯವಳ ಮನೆಯಲ್ಲಿ. ಯಾವ ಯಂತ್ರ ಅದಕ್ಕೆ ಸೇರಿಕೊಂಡರೂ ಅದರ ಹೆಸರು ಅವಳ ಮೊಬೈಲಿಗೆ ಬರುತ್ತಿತ್ತು. ಟೀವಿ, ಅಂಗಡಿ, ಅಕ್ಕ, ಹೀಗೆ. ಗುರುತಿಗೆ ಸುಲಭವಾಗಲಿ ಎಂದು ಎಲ್ಲಕ್ಕೂ ಹೆಸರಿಟ್ಟುಕೊಟ್ಟವಳು ಅಕ್ಕನೇ. ಅವಳು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್.

ಮೂರು ವಾರದಿಂದ ಆ ಸಾಲಿನಲ್ಲಿ ಬೇರೆ ಹೆಸರುಗಳು ಬರುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಪದಗಳ ನಡುವೆ ಪುಟ್ಟ ಅಡ್ಡಗೆರೆ. ಅವಳು ಫೋಟೋ ತೆಗೆದಿಟ್ಟಿದ್ದಳು. ಇನ್ಸ್‌ಪೆಕ್ಟರ್ ಒಂದೊಂದಾಗಿ ಓದಿದರು.

ಬಾಗಿಲು-ಹಾಕಿಲ್ಲ.

ನೀಲಿ-ಫ್ರಾಕ್-ಚೆನ್ನಾಗಿದೆ.

ಗುಬ್ಬಿ-ಒಬ್ಬಳೇ-ಇದಾಳೆ.

"ಗುಬ್ಬಿ ಯಾರು?"

ಹೆಂಗಸು ಮಗಳ ತಲೆಯ ಮೇಲೆ ಕೈಯಿಟ್ಟಳು. ನಾಲ್ಕೂವರೆ ವರ್ಷದ ಆ ಹುಡುಗಿ ಗೊಣಗಪ್ಪನ ಮೀಸೆಯನ್ನೇ ನೋಡುತ್ತಿದ್ದಳು. "ಮೂರನೇದು ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ ಸಾರ್. ಐದು ನಿಮಿಷ. ಹೊರಗೆ ಬಂದು ನೋಡಿದ್ರೆ ಮೊಬೈಲಲ್ಲಿ ಇದು. ನನ್ನ ಜೀವ ಬಾಯಿಗೆ ಬಂತು."

"ಈಗ ಆ ಹೆಸರು ಇದೆಯಾ?"

"ಹತ್ತು ನಿಮಿಷ ಇರುತ್ತೆ. ಆಮೇಲೆ ಇರೋದೇ ಇಲ್ಲ."

ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು. ಇಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ಅವರ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ನಮ್ಮೆಜಮಾನ್ರೂ ಅದೇ ಹೇಳಿದ್ರು ಸಾರ್, ನೀನೇ ಮಾಡ್ಕೊಂಡಿದೀಯ ಅಂತ. ಇವಳು ಹುಟ್ಟಿದಾಗ ನನಗೆ ತಲೆ ಸರಿ ಇರ್ಲಿಲ್ಲ. ಯಾರೂ ಮಾತಾಡದೇ ಇದ್ರೂ ಮಾತು ಕೇಳಿಸ್ತಿತ್ತು. ಎರಡು ವರ್ಷ ಆಸ್ಪತ್ರೆ, ಮಾತ್ರೆ. ಈಗ ಮತ್ತೆ ಶುರುವಾಯ್ತು ಅಂತಾರೆ. ಶುಕ್ರವಾರ ಬಂದ ತಕ್ಷಣ ನನ್ನನ್ನ ಆಸ್ಪತ್ರೆಗೆ ಸೇರಿಸಿ ಮಗುನ ಅಕ್ಕನ ಹತ್ತಿರ ಬಿಡ್ತಾರಂತೆ. ಬೇರೆ ಊರಿಗೆ ಹೋಗಿ ಸಂಸಾರ ಮಾಡೋಣ, ಇನ್ನು ಹಡಗು ಬೇಡ ಅಂತಿದ್ರು. ಅದೂ ನಿಂತುಹೋಯ್ತು." ಅವಳು ಮೊಬೈಲನ್ನು ಮೇಜಿನ ಮೇಲಿಟ್ಟಳು. "ನೀವೇ ನೋಡಿ ಹೇಳಿಬಿಡಿ. ನಾನೇ ಮಾಡ್ತಿದ್ರೆ, ಹೌದು ನೀನೇ ಅನ್ನಿ. ಇವಳನ್ನ ಅಕ್ಕನ ಕೈಗೆ ಕೊಟ್ಟು ನಾನೇ ಆಸ್ಪತ್ರೆಗೆ ಹೋಗ್ತೀನಿ. ಆದ್ರೆ ನಾನಲ್ಲ ಅಂದ್ರೆ, ಇವಳನ್ನ ಯಾರೋ ನೋಡ್ತಿದಾರೆ ಸಾರ್."

ಸುಳ್ಳು ದೂರು ಕೊಡುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ನೋಡಿದ್ದರು. ತನ್ನನ್ನೇ ಪರೀಕ್ಷೆ ಮಾಡಿ ಎಂದು ಕೇಳಿಕೊಂಡು ಬಂದವರನ್ನು ನೋಡಿರಲಿಲ್ಲ. ಎಫ್‌ಐಆರ್ ದಾಖಲಿಸುವಂತೆ ಗೊಣಗಪ್ಪನಿಗೆ ಹೇಳಿದರು. ಆರೋಪಿ: ಅಪರಿಚಿತ.

ಅದೇ ದಿನ ಸಂಜೆ ನಾಲ್ಕಕ್ಕೆ ಇಬ್ಬರೂ ಸ್ಥಳಕ್ಕೆ ಹೋದರು. ಹಳೇ ಕಟ್ಟಡ. ಎರಡು ಬಾಗಿಲುಗಳ ನಡುವಿನ ಓಣಿಗೆ ಹಗಲಲ್ಲೂ ದೀಪ ಬೇಕು. ಗೋಡೆಗೆ ಹೊಡೆದ ತಗಡಿನ ಡಬ್ಬದಲ್ಲಿ ಇಡೀ ಕಟ್ಟಡದ ಮೇನ್ ಸ್ವಿಚ್ ಇತ್ತು. ಮನೆಯೊಳಗೆ ಹೊಲಿಗೆ ಯಂತ್ರ, ಮಡಚಿಟ್ಟ ಪರದೆಗಳು, ಗೋಡೆಯ ತುಂಬ ಬಣ್ಣದ ಸೀಮೆಸುಣ್ಣದ ಗೀಚು. ಬಾಗಿಲಿಗೆ ಮೂರು ಹೊಸ ಚಿಲಕ ಹಾಕಿಸಿದ್ದಳು. ಕಿಟಕಿಗಳಿಗೆ ತಾನೇ ಹೊಲಿದ ದಪ್ಪ ಪರದೆ, ಅಂಚನ್ನೂ ಪಿನ್ನು ಚುಚ್ಚಿ ಮುಚ್ಚಿದ್ದಳು. ಒಳಗೆ ಉಸಿರು ಕಟ್ಟುತ್ತಿತ್ತು.

ಮೊದಲು ಕ್ಯಾಮೆರಾ ರಿಪೇರಿಯವನ ವಿಚಾರಣೆ.

"ಮೇಲಿನ ಮನೆ ಇಂಟರ್ನೆಟ್ ಬಳಸ್ತೀಯಾ?"

"ಹೌದು ಸಾರ್. ಟೀಚರಮ್ಮನೇ ಪಾಸ್‌ವರ್ಡ್ ಕೊಟ್ಟಿದ್ದು."

"ಮೇಲಿನವರ ಮನೆಯೊಳಗೆ ಕ್ಯಾಮೆರಾ ಇಟ್ಟಿದೀಯಾ?"

"ಅಯ್ಯೋ! ಇಲ್ಲ ಸಾರ್, ಆಣೆ ಮಾಡ್ತೀನಿ. ನನಗೆ ಕೆಟ್ಟ ಕ್ಯಾಮೆರಾ ಸರಿ ಮಾಡೋಕೇ ಸಾಕಾಗಿದೆ." ಅವನ ಕೈಯಲ್ಲಿದ್ದ ಸಣ್ಣ ಸ್ಕ್ರೂಗಳು ನೆಲಕ್ಕೆ ಚೆಲ್ಲಿದವು. ಗೊಣಗಪ್ಪ ಅಂಗಡಿಯನ್ನೆಲ್ಲ ಜಾಲಾಡಿ ನೋಡಿದ, ಮೇಲಿನ ಮನೆಯ ಮೂಲೆ ಮೂಲೆಯನ್ನೂ ತಡಕಿದ. ಕ್ಯಾಮೆರಾ ಎಲ್ಲೂ ಸಿಗಲಿಲ್ಲ.

ಅಕ್ಕ ಶಾಲೆಯಿಂದ ಆಗಷ್ಟೇ ಬಂದಿದ್ದಳು. ತಂಗಿಗಿಂತ ಹತ್ತು ವರ್ಷ ದೊಡ್ಡವಳು, ಒಬ್ಬಳೇ ಇರುವವಳು. ಎಲ್ಲರಿಗೂ ನೀರು ತಂದುಕೊಟ್ಟಳು. ಗುಬ್ಬಿ ಓಡಿಬಂದು ಅವಳ ಕಾಲಿಗೆ ತೆಕ್ಕೆ ಬಿದ್ದಳು.

"ನೀವು ಆ ಹೆಸರುಗಳನ್ನ ಕಣ್ಣಾರೆ ನೋಡಿದ್ರಾ?"

"ಇಲ್ಲ ಸಾರ್. ಇವಳು ಕೂಗಿದಾಗೆಲ್ಲ ಓಡಿ ಬಂದಿದೀನಿ. ಸಮಾಧಾನ ಮಾಡಿ ಮೊಬೈಲು ನೋಡೋಷ್ಟರಲ್ಲಿ ಏನೂ ಇರಲ್ಲ. ಪೆಟ್ಟಿಗೆನೂ ಬಿಚ್ಚಿ ನೋಡಿದೆ, ಪಾಸ್‌ವರ್ಡೂ ಬದಲಾಯಿಸಿದೆ." ಅವಳು ದನಿ ತಗ್ಗಿಸಿದಳು. "ತಂಗಿ ಅಂತ ಮುಚ್ಚಿಡೋಕಾಗುತ್ತಾ. ಆಗಲೂ ಹೀಗೇ ಶುರುವಾಗಿದ್ದು. ಪಾಪ, ಅವಳ ತಪ್ಪಲ್ಲ. ಮಗುಗೆ ಏನೂ ಆಗದಿದ್ರೆ ಸಾಕು."

ಇನ್ಸ್‌ಪೆಕ್ಟರಿಗೆ ಆ ಮಾತು ನಿಜವೆನಿಸಿತು. ಸುಳ್ಳು ಹೇಳುವುದೇಕೆ, ಕೆಳಗಿಳಿದು ಜೀಪು ಹತ್ತುವಾಗ ಅವರು ದೂರನ್ನು ಮುಚ್ಚಿಹಾಕುವ ಯೋಚನೆಯಲ್ಲೇ ಇದ್ದರು. ಅಷ್ಟರಲ್ಲಿ ಮೇಲಿನಿಂದ ಕಿರುಚಿದ ಸದ್ದು ಕೇಳಿತು. ಎರಡೆರಡು ಮೆಟ್ಟಿಲು ಹಾರಿ ಹತ್ತಿದರು. ಬಾಗಿಲ ಸಂದಿಯಿಂದ ಹೊಲಿಗೆಯವಳು ಮೊಬೈಲು ಚಾಚಿದಳು. ಅದರಲ್ಲಿ ಒಂದೇ ಪದ.

ಹೋದ್ರಾ.

ಇನ್ಸ್‌ಪೆಕ್ಟರ್ ತಮಗರಿವಿಲ್ಲದೆ ಹಿಂದಕ್ಕೆ ತಿರುಗಿ ನೋಡಿದರು. ಓಣಿ ಖಾಲಿಯಿತ್ತು. ಕೊಲೆಯಾದ ಮನೆಗಳಿಗೆ ಹೋದಾಗಲೂ ಅವರು ಹೀಗೆ ತಿರುಗಿ ನೋಡಿದವರಲ್ಲ. ದೂರನ್ನು ಮುಚ್ಚಿಹಾಕುವ ಯೋಚನೆಯನ್ನು ಅಲ್ಲಿಗೇ ಬಿಟ್ಟರು. ಎದುರು ಬಾಗಿಲು ತೆರೆದು ಅಕ್ಕ ಓಡಿಬಂದಳು. "ಏನಾಯ್ತೇ? ಮತ್ತೆ ಬಂತಾ?" ಎಂದು ತಂಗಿಯನ್ನು ಅಪ್ಪಿಕೊಂಡಳು. ಗುಬ್ಬಿ ಅಳಲು ಶುರುಮಾಡಿತು.

ಬುಧವಾರ ಇನ್ಸ್‌ಪೆಕ್ಟರ್ ಸೈಬರ್ ವಿಭಾಗದ ಅಧಿಕಾರಿಯನ್ನು ಕರೆಸಿದರು. ಠಾಣೆಯವರು ಅವರನ್ನು ಕರೆಯುವುದು ಸೈಬರ್ ಮೇಡಂ ಎಂದು. ಅವರಿಗೆ ವಿಪರೀತ ನೆಗಡಿಯಾಗಿತ್ತು, ಅದರ ಸಿಟ್ಟು ಎಲ್ಲರ ಮೇಲೂ ಇತ್ತು. ಹೊಲಿಗೆಯವಳ ಮೊಬೈಲನ್ನೂ ಟೀವಿಯನ್ನೂ ಠಾಣೆಗೆ ತರಿಸಿಕೊಂಡು ಮಧ್ಯಾಹ್ನದವರೆಗೆ ಪರೀಕ್ಷಿಸಿ, "ಇವುಗಳಲ್ಲಿ ಯಾವುದರ ಹೆಸರೂ ಬದಲಾಗಿಲ್ಲ. ಈಯಮ್ಮನಿಗೆ ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ," ಎಂದರು.

ಬೆಂಚಿನ ಮೇಲಿದ್ದ ಹೊಲಿಗೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹುಚ್ಚಿಲ್ಲ ಎಂಬ ಸಮಾಧಾನದ ಬೆನ್ನಿಗೇ ಹಾಗಾದರೆ ಯಾರೋ ಇದ್ದಾರೆ ಎಂಬುದೂ ಅವಳಿಗೆ ಹೊಳೆದಿತ್ತು.

"ಹೆಸರು ತಾನೇ ಹೇಗೆ ಬದಲಾಗುತ್ತೆ ಮೇಡಂ?" ಎಂದ ಗೊಣಗಪ್ಪ.

ಮೇಡಂ ಮೂಗೊರೆಸಿಕೊಂಡು ಠಾಣೆಯ ಕಂಪ್ಯೂಟರಿನಲ್ಲಿ ಏನೋ ನಾಲ್ಕು ಸಾಲು ಬರೆದರು. "ಪ್ರತಿ ಕಂಪ್ಯೂಟರಿಗೂ ಒಂದು ಹೆಸರಿರುತ್ತೆ. ಇದಕ್ಕೆ ಠಾಣೆ-ಎರಡು ಅಂತಿದೆ. ಪ್ರೋಗ್ರಾಮು ಮೊದಲು ಅದನ್ನ ಓದ್ಕೊಳ್ಳುತ್ತೆ. ಓದಿ ನೆನಪಲ್ಲಿಟ್ಕೊಳ್ಳುತ್ತೆ. ಆಮೇಲೆ ನಾವು ಕೊಟ್ಟ ಹೆಸರು ಹಾಕುತ್ತೆ. ಸ್ವಲ್ಪ ಹೊತ್ತು ಬಿಟ್ಟು ಹಳೇದನ್ನ ವಾಪಸ್ ಹಾಕುತ್ತೆ. ನೋಡಿ."

ಇಡೀ ಠಾಣೆಯ ಮೊಬೈಲುಗಳಲ್ಲಿ ಗೊಣಗಪ್ಪ ಎಂಬ ಹೆಸರಿನ ಯಂತ್ರವೊಂದು ಕಾಣಿಸಿಕೊಂಡಿತು. ಎಲ್ಲರೂ ನಕ್ಕರು. ಒಂದು ನಿಮಿಷಕ್ಕೆ ಅದು ಮಾಯವಾಗಿ ಠಾಣೆ-ಎರಡು ಮರಳಿ ಬಂತು. ಹೊಲಿಗೆಯವಳು ಮಾತ್ರ ನಗಲಿಲ್ಲ.

"ಅಂದ್ರೆ ಹೊಸಬ ಬಂದಿಲ್ಲ. ಇದ್ದವನೇ ಹೆಸರು ಬದಲಾಯಿಸ್ಕೊಂಡು ಬರ್ತಿದಾನೆ," ಎಂದರು ಇನ್ಸ್‌ಪೆಕ್ಟರ್. "ಹಿಡಿಯೋದು ಹೇಗೆ? ನಾವು ಹೋಗೋಷ್ಟರಲ್ಲಿ ಹಳೇ ಹೆಸರು ಬಂದಿರುತ್ತೆ."

"ವಾಪಸ್ ಹಾಕೋಕೆ ಬಿಡಬಾರದು. ಹೊಸ ಹೆಸರನ್ನ ಕೆಲವರು ಕರೆಂಟು ಹೋದ್ರೂ ಅಳಿಯದ ಡಿಸ್ಕಿನಲ್ಲೂ ಬರೆಸಿರ್ತಾರೆ. ಬರೆಸಿದ್ರೆ ನಮ್ಮ ಪುಣ್ಯ. ಹಳೇ ಹೆಸರು ಮಾತ್ರ ಪ್ರೋಗ್ರಾಮಿನ ತಲೆಯೊಳಗೇ ಇರುತ್ತೆ. ಆ ಹತ್ತು ನಿಮಿಷದೊಳಗೆ ಕರೆಂಟು ಹೋಯ್ತು ಅನ್ನಿ, ಅದು ಮರೆತುಹೋಗುತ್ತೆ. ಮತ್ತೆ ಕರೆಂಟು ಬಂದಾಗ ಪ್ರೋಗ್ರಾಮು ಎದ್ದು, ನನ್ನ ಹೆಸರೇನು ಅಂತ ಓದುತ್ತೆ. ಹೆದರಿಸೋ ಹೆಸರೇ ಸಿಗುತ್ತೆ. ಅದೇ ತನ್ನ ಸ್ವಂತ ಹೆಸರು ಅಂದ್ಕೊಳ್ಳುತ್ತೆ. ಆಮೇಲೆ ಎಷ್ಟು ಹೊತ್ತು ಕಾದ್ರೂ ಅದೇ ಹೆಸರು. ಪಂಚನಾಮೆ ಮುಗಿಯೋ ತನಕ ಇರುತ್ತೆ."

ತಂತ್ರ ಸರಳವಾಗಿತ್ತು. ಮುಂದಿನ ಸಲ ಹೆಸರು ಬಂದ ಕೂಡಲೇ ಹೊಲಿಗೆಯವಳು ಓಣಿಗೆ ಬಂದು ಮೇನ್ ಸ್ವಿಚ್ ಇಳಿಸಬೇಕು. ಒಂದು ನಿಮಿಷ ಬಿಟ್ಟು ಎತ್ತಬೇಕು. ಕೆಳಗೆ ಕ್ಯಾಮೆರಾ ಅಂಗಡಿಯಲ್ಲಿ ಪೊಲೀಸರು ಮಫ್ತಿಯಲ್ಲಿ ಕಾದಿರುತ್ತಾರೆ.

"ಓಣಿಗೆ ನಾನೊಬ್ಬಳೇ ಬರ್ಬೇಕಾ?" ಎಂದಳು.

"ನಾವು ಮೇಲೆ ಇದ್ರೆ ಅವನು ಹೆಸರು ಕಳಿಸೋದೇ ಇಲ್ಲಮ್ಮ. ನಿನ್ನೆ ನಾವು ಹೋಗೋದನ್ನೇ ಕಾಯ್ತಿದ್ದ ನೋಡಿ. ಈ ವಿಷಯ ಯಾರಿಗೂ ಹೇಳ್ಬೇಡಿ."

"ಅಕ್ಕನಿಗೂ?"

"ಯಾರಿಗೂ."

ಅಕ್ಕನಿಗೆ ಹೇಳದೆ ಅವಳು ಇದುವರೆಗೆ ಏನನ್ನೂ ಮಾಡಿದವಳಲ್ಲ. ಹಿಂಜರಿಯುತ್ತಲೇ ತಲೆಯಾಡಿಸಿದಳು.

ಗುರುವಾರ ಮಧ್ಯಾಹ್ನ ಮೂರರಿಂದ ಇನ್ಸ್‌ಪೆಕ್ಟರ್, ಗೊಣಗಪ್ಪ, ಸೈಬರ್ ಮೇಡಂ ಮತ್ತು ಒಬ್ಬ ಮಹಿಳಾ ಕಾನ್ಸ್‌ಟೇಬಲ್ ಅಂಗಡಿಯ ಹಿಂಬದಿಯಲ್ಲಿ ಕೂತರು. ರಿಪೇರಿಯವನು ಅವರ ಕಣ್ಣೆದುರೇ ಕೆಲಸ ಮಾಡುತ್ತಿದ್ದ, ಆಗಾಗ ಬೆವರೊರೆಸಿಕೊಳ್ಳುತ್ತಿದ್ದ. ಮೂರೂವರೆ ದಾಟಿದ ಮೇಲೆ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಶಾಲೆಯಿಂದ ಬಂದು ಮೆಟ್ಟಿಲು ಹತ್ತಿದಳು. ನಾಲ್ಕಾಯಿತು. ಗೊಣಗಪ್ಪ ತೂಕಡಿಸತೊಡಗಿದ.

ಮೇಲೆ ಹೊಲಿಗೆಯವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಕೂತರೆ ಏಳಲಾಗುವುದಿಲ್ಲವೇನೋ ಎಂಬ ಭಯ. ನಾಳೆ ಗಂಡ ಬರುತ್ತಾನೆ. ಇವತ್ತು ಆ ಹೆಸರು ಬಾರದಿದ್ದರೆ ಮಗಳು ಕೈತಪ್ಪಿದಳೆಂದೇ ಲೆಕ್ಕ. ಬಂದರೂ ಭಯ, ಬಾರದಿದ್ದರೂ ಭಯ. ಮೊಬೈಲು ಗುಂಯ್ ಎಂದಿತು.

ಇವತ್ತು-ಕರ್ಕೊಂಡು-ಹೋಗ್ತೀನಿ.

ಮೂರು ಚಿಲಕ ತೆಗೆಯುವಷ್ಟರಲ್ಲಿ ಅವಳ ಉಗುರು ಮುರಿಯಿತು. ಓಣಿಯಲ್ಲಿ ದೀಪ ಉರಿಯುತ್ತಿತ್ತು, ಅದನ್ನೂ ತಾನೇ ಆರಿಸಬೇಕಿತ್ತು. ಕಣ್ಣುಮುಚ್ಚಿ ಹಿಡಿಯನ್ನು ಕೆಳಗೆಳೆದಳು. ಖಟ್ ಎಂದು ಕತ್ತಲಾಯಿತು. ಎಲ್ಲೋ ತಿರುಗುತ್ತಿದ್ದ ಫ್ಯಾನು ನಿಧಾನವಾಗಿ ನಿಂತಿತು. ಗುಬ್ಬಿ ಅವಳ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದು, "ಅಮ್ಮಾ, ಯಾರೋ ಉಸಿರು ಬಿಡ್ತಿದಾರೆ," ಎಂದಿತು.

"ನಾನೇ ಕಣೇ. ಸುಮ್ನಿರು."

ಆದರೆ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಉಸಿರು ಯಾರದು ಎಂದು ಅವಳಿಗೂ ಗೊತ್ತಿರಲಿಲ್ಲ. ಮನಸ್ಸಿನಲ್ಲಿ ಅರವತ್ತು ಎಣಿಸಬೇಕೆಂದಿದ್ದವಳು ನಲವತ್ತರಲ್ಲಿ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಎಣಿಸಿದಳು. ಹಿಡಿ ಮೇಲೆತ್ತಿ, ಮನೆಯೊಳಗೆ ನುಗ್ಗಿ, ಮೂರೂ ಚಿಲಕ ಜಡಿದು, ಇನ್ಸ್‌ಪೆಕ್ಟರಿಗೆ ಫೋನು ಮಾಡಿದಳು.

"ಮಾಡಿದೆ ಸಾರ್."

"ಶಹಬ್ಬಾಸ್. ಈಗ ಒಂದೊಂದೇ ಸೇರ್ಕೊಳ್ತಾ ಬರುತ್ತೆ. ಹೆಸರು ಓದ್ತಾ ಹೋಗಿ."

ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಅವಳು ಓದತೊಡಗಿದಳು. "ಟೀವಿ ಬಂತು ಸಾರ್. ಅಂಗಡಿ ಬಂತು." ಕೆಳಗೆ ರಿಪೇರಿಯವನು ಎರಡೂ ಕೈ ಮುಗಿದು ನಿಟ್ಟುಸಿರು ಬಿಟ್ಟ. "ಆಮೇಲೆ… ಅದೇ ಬಂತು ಸಾರ್. ಇವತ್ತು ಕರ್ಕೊಂಡು ಹೋಗ್ತೀನಿ ಅಂತ. ಇದೆ. ಹೋಗಿಲ್ಲ."

"ಹೆದರ್ಬೇಡಿ, ಅದು ಸಿಕ್ಕಿಬಿತ್ತು. ಇನ್ಯಾವುದು ಬರಬೇಕು?"

ಅವಳು ಆ ಸಾಲನ್ನು ಮೇಲಿನಿಂದ ಮತ್ತೊಮ್ಮೆ ಓದಿಕೊಂಡಳು.

"ಹಲೋ? ಅಮ್ಮಾ?"

"ಎಲ್ಲಾ ಬಂತು ಸಾರ್," ಎಂದಳು. ದನಿ ಕೇಳಿಸದಷ್ಟು ಇಳಿದಿತ್ತು. "ಅಕ್ಕ ಒಂದು ಬಂದಿಲ್ಲ."

ಅಷ್ಟರಲ್ಲಿ ಅವಳ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

"ಕರೆಂಟ್ ಹೋಗಿತ್ತಲ್ಲೇ," ಹೊರಗಿನಿಂದ ಅಕ್ಕನ ದನಿ. "ಗುಬ್ಬಿ ಹೆದರಿಕೊಂಡ್ಳಾ? ಬಾಗಿಲು ತೆಗಿ. ಇವತ್ತು ಅವಳು ನನ್ ಹತ್ರ ಮಲಗ್ಲಿ."

ಗುಬ್ಬಿ ತಾಯಿಯ ಕಂಕುಳಿನಿಂದ ಜಾರಿ ಇಳಿದು ಖುಷಿಯಿಂದ ಬಾಗಿಲ ಕಡೆ ಓಡಿತು. ಕೆಳಗಿನ ಚಿಲಕ ಅದರ ಕೈಗೆ ಎಟುಕುತ್ತಿತ್ತು, ತೆಗೆದೇಬಿಟ್ಟಿತು. ಹೊಲಿಗೆಯವಳು ಮಗಳನ್ನು ಹಿಂದಕ್ಕೆಳೆದು, ಬಾಗಿಲಿಗೆ ಬೆನ್ನು ಕೊಟ್ಟು ಕುಸಿದಳು. ಹಲಗೆಯ ಆಚೆ ಅಕ್ಕ ಮತ್ತೆ ತಟ್ಟಿದಳು. ಪ್ರತಿ ತಟ್ಟೂ ಇವಳ ಬೆನ್ನಿಗೆ ತಾಗಿತು. ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ ಕೈ, ಆಸ್ಪತ್ರೆಗೆ ದಿನವೂ ಊಟ ಹೊತ್ತು ತಂದ ಕೈ ಅದು. ಅವಳಿಗೆ ಬಾಯಿಬಿಟ್ಟು ಅಳಲೂ ಭಯವಾಯಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿ ಅಕ್ಕ ತಿರುಗಿದಳು. "ಏನ್ ಸಾರ್, ಮತ್ತೆ ಏನಾದ್ರೂ ಆಯ್ತಾ?" ಎಂದಳು.

"ನಿಮ್ಮ ಕಂಪ್ಯೂಟರಿನ ಹೆಸರೇನು ಟೀಚರ್?"

"ಅಕ್ಕ ಅಂತ. ಯಾಕೆ?"

"ಒಂದ್ಸಲ ನೋಡೋಣ ಬನ್ನಿ."

ಪಂಚನಾಮೆ ನಾಲ್ಕೂ ಐವತ್ತಕ್ಕೆ ಆರಂಭವಾಯಿತು. ರಿಪೇರಿಯವನೂ ಪಕ್ಕದ ಕಟ್ಟಡದ ಕಾವಲುಗಾರನೂ ಪಂಚರು. ಅಕ್ಕನ ಕೋಣೆಯಲ್ಲಿ ಕಂಪ್ಯೂಟರು ಯಾರೂ ಮುಟ್ಟದೆ ತಾನಾಗಿಯೇ ಎದ್ದು ಕೂತಿತ್ತು. ಶಾಲೆಯ ಲ್ಯಾಬಿನಲ್ಲಿ ಹಾಗೆ ಮಾಡಿಡುವುದು ಅವಳ ಪದ್ಧತಿ. ಬೆಳಿಗ್ಗೆ ಮೇನ್ ಸ್ವಿಚ್ ಒಂದನ್ನು ಹಾಕಿದರೆ ಮೂವತ್ತು ಯಂತ್ರಗಳೂ ಒಟ್ಟಿಗೆ ಏಳಬೇಕು, ಮಕ್ಕಳ ಸಮಯ ಹಾಳಾಗಬಾರದು. ಮನೆಯದಕ್ಕೂ ಅದೇ ಅಭ್ಯಾಸ ಮಾಡಿಸಿದ್ದಳು. ಕರೆಂಟು ಬಂದದ್ದೇ ತಡ, ಅದು ಎದ್ದು ತನ್ನ ಹೆಸರು ಓದಿಕೊಂಡಿತ್ತು.

ಸೈಬರ್ ಮೇಡಂ ಕೀಲಿಮಣೆಯ ಮೇಲೆ ಒಂದು ಪದ ಒತ್ತಿ, ಹೆಸರು ಕೇಳಿದರು. ಯಂತ್ರ ಉತ್ತರ ಕೊಟ್ಟಿತು. ಗೊಣಗಪ್ಪ ಅದನ್ನು ಪಂಚನಾಮೆಗೆ ನಕಲು ಮಾಡುತ್ತ ಗಟ್ಟಿಯಾಗಿ ಓದಿದ. "ಇವತ್ತು ಕರ್ಕೊಂಡು ಹೋಗ್ತೀನಿ."

ಅಕ್ಕ ಪರದೆಯನ್ನು ನೋಡುತ್ತ ನಿಂತಳು. ತನ್ನದೇ ಯಂತ್ರದ ಹೆಸರನ್ನು ಯಾರು ತಾನೇ ದಿನಾ ನೋಡುತ್ತಾರೆ? ಕುರ್ಚಿಯ ಬೆನ್ನು ಹಿಡಿದುಕೊಂಡು, "ಮಗುಗೆ ನಾನು ಏನೂ ಮಾಡ್ತಿರ್ಲಿಲ್ಲ ಸಾರ್," ಎಂದಳು.

"ಮಗುಗೆ ಮಾಡ್ತಿರ್ಲಿಲ್ಲ. ಸರಿ. ತಂಗಿಗೆ?"

ಮಹಿಳಾ ಕಾನ್ಸ್‌ಟೇಬಲ್ ಅಕ್ಕನನ್ನು ಮೆಟ್ಟಿಲಿಳಿಸಿಕೊಂಡು ಹೋಗುವಾಗ ತಂಗಿಯ ಬಾಗಿಲು ಮುಚ್ಚಿಯೇ ಇತ್ತು. ಒಳಗಿನಿಂದ ಗುಬ್ಬಿ "ಅಮ್ಮಾ" ಎಂದು ಕೂಗಿತು. ಅಕ್ಕ ಥಟ್ಟನೆ ನಿಂತು ಹಿಂದಿರುಗಿ ನೋಡಿದಳು. ಒಳಗಿನಿಂದಲೇ ತಂಗಿ "ಏನೇ" ಎಂದು ಓಗೊಟ್ಟಳು. ಅಕ್ಕ ಮತ್ತೆ ಮೆಟ್ಟಿಲಿಳಿದಳು.

ಹೇಳಿಕೆ ಬರೆದುಕೊಂಡದ್ದು ಠಾಣೆಯಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದ ಕತೆಗಳನ್ನು ಇನ್ಸ್‌ಪೆಕ್ಟರ್ ಎಷ್ಟೋ ಕೇಳಿದ್ದರು. ಅಂಥ ಕತೆಗಳಲ್ಲಿ ಬೇಲಿಯ ಮೇಲೆ ಸಿಟ್ಟು ಬರುತ್ತದೆ. ಇಲ್ಲಿ ಸಿಟ್ಟಿನ ಜೊತೆಗೆ ಮರುಕವೂ ಬಂತು.

"ಹುಟ್ಟಿ ಹನ್ನೊಂದು ದಿನಕ್ಕೆ ನನ್ನ ಕೈಗೆ ಬಂತು ಸಾರ್ ಅದು," ಎಂದಳು ಅಕ್ಕ. "ಕೂರೋದು, ನಿಲ್ಲೋದು, ನಡೆಯೋದು, ಎಲ್ಲಾ ನನ್ನ ಮನೇಲೇ ಕಲೀತು. ಮೊದಲ ಮಾತು ಅಮ್ಮ ಅಂತ. ನನ್ನ ನೋಡಿ ಅಂದಿದ್ದು. ತಂಗಿ ಹುಷಾರಾಗಿ ಬಂದ್ಲು. ಖುಷಿನೇ ಆಯ್ತು, ಸುಳ್ಳು ಹೇಳಲ್ಲ. ಆವತ್ತು ಎಲ್ಲರೂ ಮಗುನ ಮುಂದೆ ಕೂರಿಸ್ಕೊಂಡು ಹೇಳಿಕೊಟ್ರು, ಇವಳು ಅಮ್ಮ, ಅವಳು ದೊಡ್ಡಮ್ಮ ಅಂತ. ಒಂದೇ ವಾರಕ್ಕೆ ಕಲ್ತುಬಿಡ್ತು. ಎದುರುಮನೆ ತಾನೆ, ಕಣ್ಣೆದುರಿಗಿರುತ್ತೆ ಅಂತ ಸಹಿಸ್ಕೊಂಡೆ. ಈಗ ಬೇರೆ ಊರಿಗೆ ಹೋಗ್ತೀವಿ ಅಂದ್ರು."

"ತಂಗಿ ಹೆದರಿ ಹೆದರಿ ನಿಜವಾಗ್ಲೂ ಹುಚ್ಚಿಯಾಗಿಬಿಟ್ಟಿದ್ರೆ?"

"ನಾನೇ ನೋಡ್ಕೋತಿದ್ದೆ," ಎಂದಳು ಅಕ್ಕ. "ಹೋದ ಸಲ ನೋಡ್ಕೊಂಡ ಹಾಗೆ." ಆ ಮಾತನ್ನು ಅವಳು ಎಷ್ಟು ಸಹಜವಾಗಿ ಹೇಳಿದಳೆಂದರೆ ಮಹಿಳಾ ಕಾನ್ಸ್‌ಟೇಬಲ್ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡಳು.

ದಸ್ತಗಿರಿ ವರದಿಯಲ್ಲಿ ಒಂದು ಅಂಕಣ ಖಾಲಿ ಉಳಿದಿತ್ತು. ಗೊಣಗಪ್ಪ ತಲೆಯೆತ್ತದೆ ಕೇಳಿದ. "ಮಗುವಿಗೆ ನೀವು ಏನಾಗ್ಬೇಕು?"

ಅವಳು ವರದಿಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಖಾಲಿ ಅಂಕಣವನ್ನು ನೋಡಿದಳು. ಗೊಣಗಪ್ಪ ಆವತ್ತು ಅವಸರ ಮಾಡಲಿಲ್ಲ, ಗೊಣಗಲೂ ಇಲ್ಲ.

"ದೊಡ್ಡಮ್ಮ," ಎಂದಳು ಕೊನೆಗೆ. "ಹಾಗೇ ಬರ್ಕೊಳ್ಳಿ."